ಬಾಡಿಗೆಯೂ ಕಟ್ಟಬೇಕು, ಮಂಗಳಕ್ಕೂ ಹೋಗಬೇಕು

ಎಲ್ಲರಿಗೂ ನಮಸ್ಕಾರ.

ಸೈನ್ಸ್ ಫಿಕ್ಷನ್, ಫ್ಯಾಂಟಸಿ ಬರೆಯುವವರ ಬಗ್ಗೆ ಮಾತಾಡಿ ಅಂದರೆ ರಾಕೆಟ್ಟು, ರೋಬೋ, ಡ್ರ್ಯಾಗನ್ನುಗಳಿಂದ ಶುರು ಮಾಡುವುದು ವಾಡಿಕೆ. ನಾನು ದುಡ್ಡಿನಿಂದ ಶುರು ಮಾಡುತ್ತೇನೆ. ಈ ಜನ ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದರು? ಬರೆಯೋಕೆ ಹೊತ್ತು ಎಲ್ಲಿಂದ ತರುತ್ತಿದ್ದರು? ಆ ಪಾಡು ಅವರ ಕಥೆಯೊಳಗೆ ಹೇಗೆ ಬಂದು ಕೂತಿತು? ನನಗೆ ಕುತೂಹಲ ಇರುವುದು ಇದರಲ್ಲೇ.

ಅಮೆರಿಕದ ಸೈನ್ಸ್ ಫಿಕ್ಷನ್ ಲೇಖಕ ರೇ ಬ್ರಾಡ್‌ಬರಿಯ ಲೆಕ್ಕ ಪೈಸೆ ಪೈಸೆಗೂ ಸಿಗುತ್ತದೆ. ಮನೆಯಲ್ಲಿ ಪುಟ್ಟ ಮಗು, ಕೂತು ಬರೆಯಲು ಜಾಗವಿಲ್ಲ, ಬೇರೆ ರೂಮು ಮಾಡಲು ಕಾಸಿಲ್ಲ. ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದ ಲೈಬ್ರರಿಯ ನೆಲಮಾಳಿಗೆಯಲ್ಲಿ ಬಾಡಿಗೆ ಟೈಪ್‌ರೈಟರ್‌ಗಳಿದ್ದವು. ಹತ್ತು ಸೆಂಟ್ ಹಾಕಿದರೆ ಅರ್ಧ ಗಂಟೆ ಓಡುತ್ತಿತ್ತು. ಬ್ರಾಡ್‌ಬರಿ ಚಿಲ್ಲರೆ ಹಿಡಿದುಕೊಂಡು ಹೋಗಿ ಕೂತ. ಒಂಬತ್ತು ದಿನಕ್ಕೆ ಒಂದು ಕಥೆ ಮುಗಿಯಿತು. ಖರ್ಚು 9 ಡಾಲರ್ 80 ಸೆಂಟ್. ಅಂದರೆ 49 ಗಂಟೆ. ಆ ಕಥೆಯನ್ನೇ ಬೆಳೆಸಿ 1953ರಲ್ಲಿ 'ಫ್ಯಾರನ್‌ಹೀಟ್ 451' ಕಾದಂಬರಿ ಮಾಡಿದ. ಪುಸ್ತಕ ಸುಡುವ ಸರ್ಕಾರದ ಕಥೆ. ಬರೆಯುತ್ತಿದ್ದದ್ದು ಸಾವಿರಾರು ಪುಸ್ತಕಗಳ ಕೆಳಗೆ ಕೂತು! ಮಧ್ಯೆ ಮಧ್ಯೆ ಮೇಲೆ ಓಡಿ ಕಪಾಟಿನಿಂದ ಯಾವುದೋ ಪುಸ್ತಕ ಎಳೆದು, ಒಂದು ಸಾಲು ಹುಡುಕಿಕೊಂಡು ಕೆಳಗೆ ಬರುತ್ತಿದ್ದ. ಆ ಕಾದಂಬರಿಯಲ್ಲಿ ಒಂದು ಧಾವಂತ ಇದೆ, ಓದಿದವರಿಗೆ ಗೊತ್ತು. ಮೀಟರ್ ಓಡುತ್ತಿರುವಾಗ ನಿಧಾನವಾಗಿ ಬರೆಯೋಕೆ ಯಾರಿಗೆ ಸಾಧ್ಯ?

'ದ ಹಾಬಿಟ್' ಎಂಬ ಫ್ಯಾಂಟಸಿ ಕಾದಂಬರಿ ಬರೆದ ಟೋಲ್ಕಿನ್ ಆಕ್ಸ್‌ಫರ್ಡ್‌ನಲ್ಲಿ ಪ್ರೊಫೆಸರ್. ಸಂಬಳ ಇತ್ತು, ಆದರೆ ನಾಲ್ಕು ಮಕ್ಕಳು. ಬೇಸಿಗೆ ರಜೆಯಲ್ಲಿ ಹೆಚ್ಚುವರಿ ಸಂಪಾದನೆಗೆ ಶಾಲಾ ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತಿದ್ದರು. ಯಾವನೋ ಪುಣ್ಯಾತ್ಮ ಒಂದು ಹಾಳೆ ಖಾಲಿ ಬಿಟ್ಟಿದ್ದ. ನೆಲದೊಳಗೊಂದು ಬಿಲ, ಅದರಲ್ಲೊಂದು ಹಾಬಿಟ್ ವಾಸವಾಗಿತ್ತು ಎಂಬ ಅರ್ಥದ ಸಾಲನ್ನು ಅದರ ಮೇಲೆ ಗೀಚಿದರು. ಹಾಬಿಟ್ ಅಂದರೆ ಏನು ಅಂತ ಬರೆದವರಿಗೇ ಗೊತ್ತಿರಲಿಲ್ಲ. ವ್ಯಾಲ್ಯುಯೇಷನ್ನಿಗೆ ಹೋಗುವ ಮೇಷ್ಟ್ರುಗಳು ಇಲ್ಲಿದ್ದರೆ ದಯವಿಟ್ಟು ಇದನ್ನು ಪ್ರಯತ್ನಿಸಬೇಡಿ.

ಇನ್ನು ಜೀನ್ ವುಲ್ಫ್. ಓದುಗರು ತಲೆ ಕೆರೆದುಕೊಳ್ಳುವಂಥ ಕಾದಂಬರಿಗಳನ್ನು ಬರೆದ ಮನುಷ್ಯ. ಕಸುಬಿನಿಂದ ಎಂಜಿನಿಯರ್. ಡಬ್ಬಿಯಲ್ಲಿ ಒಂದರ ಮೇಲೊಂದು ಜೋಡಿಸಿಟ್ಟ ಪ್ರಿಂಗಲ್ಸ್ ಚಿಪ್ಸ್ ಗೊತ್ತಲ್ವಾ? ಅದನ್ನು ಬೇಯಿಸುವ ಯಂತ್ರ ತಯಾರಾಗುವುದರಲ್ಲಿ ಈತನ ಕೈಯೂ ಇತ್ತು. ಚಿಪ್ಸ್ ವಿಷಯ ಬಂತಲ್ಲ, ಅದೇ ದಾರಿಯಲ್ಲಿ ನಾನು ಇವತ್ತು ನಿಜವಾಗಿ ಮಾತಾಡಬೇಕೆಂದಿರುವ ಲೇಖಕಿಗೆ ಬರುತ್ತೇನೆ. ಆಕೆ ಮಾಡಿದ ಕೆಲಸಗಳಲ್ಲಿ ಚಿಪ್ಸ್ ಕಾರ್ಖಾನೆಯಲ್ಲಿ ಆಲೂ ಚಿಪ್ಸ್ ತಪಾಸಣೆ ಮಾಡುವುದೂ ಒಂದು. ಜೊತೆಗೆ ಪಾತ್ರೆ ತೊಳೆಯುವುದು, ಫೋನ್ ಮಾಡಿ ಸಾಮಾನು ಮಾರುವುದು, ಗೋದಾಮಿನ ಕೆಲಸ. ಹೆಸರು ಆಕ್ಟೇವಿಯಾ ಬಟ್ಲರ್.

1947ರಲ್ಲಿ ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ಹುಟ್ಟಿದ ಕಪ್ಪು ಹುಡುಗಿ. ಅಪ್ಪ ಶೂ ಪಾಲಿಶ್ ಮಾಡುತ್ತಿದ್ದವರು, ಆಕೆ ಚಿಕ್ಕವಳಿದ್ದಾಗಲೇ ತೀರಿಕೊಂಡರು. ಅಮ್ಮ ಬಿಳಿಯರ ಮನೆಗಳಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ಮಗಳನ್ನೂ ಕರೆದುಕೊಂಡು ಹೋಗುತ್ತಿದ್ದರು. ಹಿತ್ತಲ ಬಾಗಿಲಿಂದ ಒಳಗೆ ಹೋಗಬೇಕು, ಮನೆಯವರು ಎದುರಿಗೇ ಏನಾದರೂ ಅಂದರೆ ಕೇಳಿಸಲಿಲ್ಲ ಅನ್ನುವ ಹಾಗೆ ಇರಬೇಕು. ಇದನ್ನು ಈ ಸಭೆಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ಮನೆಗಳವರು ಬಿಸಾಕಿದ ಪುಸ್ತಕಗಳನ್ನು ಅಮ್ಮ ಮಗಳಿಗೆ ತಂದುಕೊಡುತ್ತಿದ್ದರು. ಹುಡುಗಿಗೆ ಡಿಸ್ಲೆಕ್ಸಿಯಾ, ಓದು ನಿಧಾನ. ಮಹಾ ಸಂಕೋಚದ ಸ್ವಭಾವ. ಹತ್ತನೇ ವಯಸ್ಸಿಗೆ ಟೈಪ್‌ರೈಟರ್ ಬೇಕು ಅಂತ ಹಟ ಹಿಡಿದಳು. ಮನೆಗೆಲಸದ ದುಡ್ಡಲ್ಲಿ ಅಮ್ಮ ಅದನ್ನೂ ತಂದುಕೊಟ್ಟರು. ಹನ್ನೆರಡನೇ ವಯಸ್ಸಿನ ಹೊತ್ತಿಗೆ ಟಿವಿಯಲ್ಲಿ ಮಂಗಳ ಗ್ರಹದಿಂದ ಬರುವ ಹೆಣ್ಣಿನ ಒಂದು ಕೆಟ್ಟ ಸಿನಿಮಾ ನೋಡಿ, 'ಇದಕ್ಕಿಂತ ನಾನೇ ಚೆನ್ನಾಗಿ ಬರೀತೀನಿ' ಅನ್ನಿಸಿತಂತೆ. ಕಪ್ಪು ಜನ ಲೇಖಕರಾಗೋಕೆ ಆಗಲ್ಲ ಮಗು ಅಂತ ಚಿಕ್ಕಮ್ಮ ಬುದ್ಧಿ ಹೇಳಿದರು. ಚಿಕ್ಕಮ್ಮನನ್ನು ಬೈಯಬೇಡಿ. ಅವರು ಅಂಥವರನ್ನು ಕಂಡೇ ಇರಲಿಲ್ಲ.

1970ರಲ್ಲಿ ಪೆನ್ಸಿಲ್ವೇನಿಯಾದ ಕ್ಲಾರಿಯನ್ ಎಂಬಲ್ಲಿ ಸೈನ್ಸ್ ಫಿಕ್ಷನ್ ಬರೆಯುವವರ ಶಿಬಿರಕ್ಕೆ ಹೋದಳು. ಎರಡು ಕಥೆ ಮಾರಾಟವಾದವು. ಇನ್ನೇನು ದಾರಿ ತೆರೆಯಿತು ಅಂದುಕೊಂಡಳು. ಆಮೇಲೆ ಐದು ವರ್ಷ ಒಂದಕ್ಷರವೂ ಮಾರಾಟವಾಗಲಿಲ್ಲ. ಬೆಳಗಿನ ಜಾವ ಎರಡಕ್ಕೆಲ್ಲ ಎದ್ದು ಬರೆಯುವುದು, ಬೆಳಗಾದ ಮೇಲೆ ಕೂಲಿ ಕೆಲಸಕ್ಕೆ ಹೋಗುವುದು. ಮೊದಲ ಕಾದಂಬರಿ ಬಂದದ್ದು 1976ರಲ್ಲಿ.

ಇಂಥದ್ದನ್ನು ಕೇಳಿದ ಕೂಡಲೇ ನಮಗೆ 'ಆಹಾ, ಎಂಥ ತಪಸ್ಸು' ಅಂತ ಹೇಳುವ ಚಟ ಇದೆ. ನನಗೆ ಅದು ಇಷ್ಟವಾಗುವುದಿಲ್ಲ. ನಿದ್ದೆಗೆಟ್ಟ ಐದು ವರ್ಷ ಬರೀ ನಷ್ಟ. ಆ ಹೊತ್ತು ಕೈಗೆ ಸಿಕ್ಕಿದ್ದರೆ ಇನ್ನೂ ಎರಡು ಕಾದಂಬರಿ ಬರುತ್ತಿದ್ದವೋ ಏನೋ. ಬಟ್ಲರ್ ಕೂಡ ಬಡತನವನ್ನು ಹಾಡಿ ಹೊಗಳಲಿಲ್ಲ. ಆಕೆ ಮಾಡಿದ್ದೇ ಬೇರೆ. ಆ ದುಡಿಮೆಯನ್ನು ಎತ್ತಿ ಕಥೆಯೊಳಗೆ ಇಟ್ಟಳು.

1979ರ 'ಕಿಂಡ್ರೆಡ್' ಕಾದಂಬರಿ ನೋಡಿ. ಡಾನಾ ಎಂಬ ಕಪ್ಪು ಹೆಂಗಸು 1976ರ ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. ಇದ್ದಕ್ಕಿದ್ದಂತೆ ಹತ್ತೊಂಬತ್ತನೇ ಶತಮಾನದ ಮೇರಿಲ್ಯಾಂಡ್‌ಗೆ, ಗುಲಾಮರ ತೋಟಕ್ಕೆ ಹೋಗಿ ಬೀಳುತ್ತಾಳೆ. ಹೇಗೆ ಹೋದಳು? ಯಂತ್ರವಿಲ್ಲ, ಮಂತ್ರವಿಲ್ಲ, ವಿವರಣೆಯೇ ಇಲ್ಲ. ಡಾನಾ ಕೂಡ ಲೇಖಕಿ. ರಾತ್ರಿ ಬರೆದು, ಹಗಲು ದಿನಗೂಲಿ ಏಜೆನ್ಸಿಯೊಂದರ ಮೂಲಕ ಸಿಕ್ಕ ಕೆಲಸಕ್ಕೆಲ್ಲ ಹೋಗುತ್ತಿದ್ದವಳು. ಆ ಏಜೆನ್ಸಿಗೆ ಕೆಲಸಗಾರರು ಇಟ್ಟ ಹೆಸರು 'ಗುಲಾಮರ ಸಂತೆ'. ತಮಾಷೆಗೆ ಇಟ್ಟದ್ದು. ಮುಂದೆ ನಿಜವಾದ ಗುಲಾಮಗಿರಿ ಎದುರಾದಾಗ ಆ ತಮಾಷೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಕಾಲಪ್ರಯಾಣದ ಕಥೆಗಳು ಬೇಕಾದಷ್ಟಿವೆ. ಹಿಂದಕ್ಕೆ ಹೋದರೆ ನಮ್ಮನ್ನು ಯಾರು ಕೊಂಡುಕೊಳ್ಳಬಹುದು ಅನ್ನುವ ಪ್ರಶ್ನೆಯನ್ನು ಹೀಗೆ ಕೇಳಿದವು ಬಹಳ ಕಡಿಮೆ.

ಈ ಕಾದಂಬರಿಯ ಬೀಜ ಕಾಲೇಜಿನಲ್ಲಿ ಬಿದ್ದದ್ದು. ಜೊತೆಗಿದ್ದ ಕಪ್ಪು ಹುಡುಗನೊಬ್ಬ, ನಮ್ಮನ್ನು ಇಷ್ಟು ಕಾಲ ಹಿಂದಿಟ್ಟ ಈ ಹಳೇ ತಲೆಗಳನ್ನೆಲ್ಲ ಕೊಂದುಬಿಡಬೇಕು ಅನ್ನಿಸುತ್ತೆ, ಆದರೆ ನಮ್ಮಪ್ಪ ಅಮ್ಮನಿಂದಲೇ ಶುರು ಮಾಡಬೇಕಲ್ಲ ಎಂಬ ಅರ್ಥದಲ್ಲಿ ಮಾತಾಡಿದ್ದ. ಬಟ್ಲರ್‌ಗೆ ಅಮ್ಮ ಹೋಗುತ್ತಿದ್ದ ಹಿತ್ತಲ ಬಾಗಿಲು ನೆನಪಾಯಿತು. ಆಕೆಗೂ ಚಿಕ್ಕಂದಿನಲ್ಲಿ ಅಮ್ಮನ ಬಗ್ಗೆ ನಾಚಿಕೆಯೇ ಇತ್ತು. ಅಮ್ಮ ಆ ಬಾಗಿಲಿಂದ ಹೋಗಿದ್ದಕ್ಕೇ ತನಗೆ ಊಟ ಸಿಕ್ಕಿದ್ದು ಅಂತ ಹೊಳೆದದ್ದು ಆಮೇಲೆ. ಮಾತು ಸಹಿಸಿಕೊಂಡವರು ಹೇಡಿಗಳಲ್ಲ ಅಂತ ತೋರಿಸಲು ಈಗಿನ ಕಾಲದವಳನ್ನೇ ಹಿಡಿದು ಅಲ್ಲಿಗೆ ಕಳಿಸಿದಳು. ನೀನಾಗಿದ್ದರೆ ಎಷ್ಟು ದಿನ ಎದುರು ಮಾತಾಡುತ್ತಿದ್ದೆ, ನೋಡೋಣ ಅಂತ.

ವಿಷಯ ಕಲೆ ಹಾಕಲು ಗ್ರೇಹೌಂಡ್ ಬಸ್ಸಿನಲ್ಲಿ ಮೇರಿಲ್ಯಾಂಡ್‌ಗೆ ಹೋದಳು. ಕ್ಯಾಲಿಫೋರ್ನಿಯಾ ಒಂದು ಕರಾವಳಿ, ಮೇರಿಲ್ಯಾಂಡ್ ಇನ್ನೊಂದು ಕರಾವಳಿ. ನಡುವೆ ಇಡೀ ದೇಶ. ಹತ್ತಿರದ ಮೌಂಟ್ ವರ್ನನ್‌ಗೂ, ಅಂದರೆ ಗುಲಾಮರನ್ನು ಇಟ್ಟುಕೊಂಡಿದ್ದ ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಮನೆಗೂ ಹೋದಳು. ಅಲ್ಲಿನ ಗೈಡ್‌ಗಳು ಗುಲಾಮರು ಅನ್ನುತ್ತಿರಲಿಲ್ಲವಂತೆ, 'ಸೇವಕರು' ಅನ್ನುತ್ತಿದ್ದರಂತೆ.

ಬಟ್ಲರ್ ಕೊನೆಯವರೆಗೂ ಕಾರು ಓಡಿಸಲಿಲ್ಲ. ಲಾಸ್ ಏಂಜಲೀಸ್‌ನಂಥ ಊರಲ್ಲಿ ಕಾರಿಲ್ಲದಿದ್ದರೆ ಬದುಕಿನ ಅರ್ಧ ಬಸ್ಸಿನಲ್ಲೇ ಕಳೆಯುತ್ತದೆ. ಒಂದು ಕಾಲದಲ್ಲಿ ಕ್ಯಾನ್ಸರ್‌ನಿಂದ ಸಾಯುತ್ತಿದ್ದ ಗೆಳತಿಯನ್ನು ನೋಡಲು ವಾರವಾರ ಬಸ್ಸಿನಲ್ಲಿ ಹೋಗುತ್ತಿದ್ದಳು. ತಾನು ಬರೆಯುತ್ತಿದ್ದ ಕಾದಂಬರಿಯ ಹೊಸ ಅಧ್ಯಾಯವನ್ನು ಅವಳಿಗೆ ಓದಿ ಹೇಳುತ್ತಿದ್ದಳು. ಹಾಗೆ ಹೋಗುವಾಗ ಒಂದು ದಿನ ಬಸ್ಸಿನಲ್ಲಿ ಇಬ್ಬರು ಕಾರಣವೇ ಇಲ್ಲದೆ ರಕ್ತ ಬರುವ ಹಾಗೆ ಹೊಡೆದಾಡಿಕೊಂಡರು. ಮನುಷ್ಯರು ಮುಷ್ಟಿ ಬಿಟ್ಟು ಬೇರೆ ರೀತಿಯಲ್ಲಿ ಮಾತಾಡುವುದನ್ನು ಯಾವಾಗ ಕಲಿಯುತ್ತಾರೋ ಅಂತ ಯೋಚಿಸುತ್ತಾ ಕೂತಳು. ಅದರಿಂದ ಹುಟ್ಟಿದ್ದು 'ಸ್ಪೀಚ್ ಸೌಂಡ್ಸ್' ಎಂಬ ಸಣ್ಣಕಥೆ. ಒಂದು ರೋಗ ಬಂದು ಜನರ ಮಾತು ಹೋಗಿದೆ, ಕೆಲವರಿಗೆ ಓದುಬರಹ ಹೋಗಿದೆ. ಕಥೆ ತೆರೆದುಕೊಳ್ಳುವುದೇ ಬಸ್ಸಿನಲ್ಲಿ, ಹೊಡೆದಾಟದಿಂದ. 1984ರಲ್ಲಿ ಅದಕ್ಕೆ ಸೈನ್ಸ್ ಫಿಕ್ಷನ್ ಲೋಕದ ದೊಡ್ಡ ಪ್ರಶಸ್ತಿಯಾದ ಹ್ಯೂಗೋ ಬಂತು. ಒಳ್ಳೆಯ ಕಾರಿನಲ್ಲಿ ಕಿಟಕಿ ಏರಿಸಿಕೊಂಡು ಹೋಗುವವರಿಗೆ ಆ ಕಥೆ ಸಿಗುತ್ತಿರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಹಾಗಂತ ಕಾರು ಬೇಡ ಅಂತ ಆಕೆಗೆ ಅನ್ನಿಸಿರಲಿಲ್ಲ. 1988ರಲ್ಲಿ ನೋಟ್‌ಬುಕ್ಕಿನ ರಟ್ಟಿನ ಮೇಲೆ ತನಗೆ ತಾನೇ ಬರೆದುಕೊಂಡ ಆಸೆಗಳ ಪಟ್ಟಿ ಸಿಕ್ಕಿದೆ. ನನ್ನ ಪುಸ್ತಕಗಳು ಬೆಸ್ಟ್‌ಸೆಲ್ಲರ್ ಆಗುತ್ತವೆ, ಒಳ್ಳೆಯ ಕಡೆ ಮನೆ ಕೊಳ್ಳುತ್ತೇನೆ, ಅಮ್ಮನಿಗೂ ನನಗೂ ಒಳ್ಳೆಯ ಚಿಕಿತ್ಸೆ ಕೊಡಿಸುತ್ತೇನೆ. ಅದರಲ್ಲೇ ಇನ್ನೊಂದು: ಬೇಕಾದಾಗ ಬಾಡಿಗೆ ಕಾರು ಮಾಡಿಕೊಳ್ಳುತ್ತೇನೆ. ಪ್ರಪಂಚವನ್ನೇ ಕಟ್ಟಬಲ್ಲ ಲೇಖಕಿಯ ಆಸೆ ಇಷ್ಟು. ಕೊನೆಗೆ ತನಗೇ ಒಂದು ಅಪ್ಪಣೆ: 'ಹಾಗೇ ಆಗಲಿ! ಆಗುವಂತೆ ನೋಡಿಕೋ!'

ಆಯಿತು, ಆದರೆ ತಡವಾಗಿ. 1995ರಲ್ಲಿ ಮೆಕ್‌ಆರ್ಥರ್ ಫೆಲೋಶಿಪ್ ಬಂತು, ಪ್ರತಿಭಾವಂತರಿಗೆ ಅಮೆರಿಕದಲ್ಲಿ ಕೊಡುವ ದೊಡ್ಡ ಧನಸಹಾಯ. 2,95,000 ಡಾಲರ್. ಸೈನ್ಸ್ ಫಿಕ್ಷನ್ ಲೇಖಕರೊಬ್ಬರಿಗೆ ಅದು ಸಿಕ್ಕಿದ್ದು ಅದೇ ಮೊದಲು. ಬೆಸ್ಟ್‌ಸೆಲ್ಲರ್ ಪಟ್ಟಿ ಮಾತ್ರ ಆಕೆ ಇರುವಾಗ ಬರಲಿಲ್ಲ. 1993ರ 'ಪ್ಯಾರಬಲ್ ಆಫ್ ದ ಸೋವರ್' 2020ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪಟ್ಟಿ ಹತ್ತಿತು. ಲೇಖಕಿ ತೀರಿಕೊಂಡು ಹದಿನಾಲ್ಕು ವರ್ಷವಾಗಿತ್ತು. ಆ ಕಾದಂಬರಿ ಶುರುವಾಗುವುದು 2024ರಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ನೀರು ತುಟ್ಟಿಯಾಗಿದೆ, ಎಲ್ಲೆಡೆ ಬೆಂಕಿ, ಗೋಡೆ ಕಟ್ಟಿಕೊಂಡು ಬದುಕುವ ಜನ. ಆಕೆ ಭವಿಷ್ಯ ನುಡಿದಳು ಅಂತ ಈಗ ಎಲ್ಲರೂ ಹೇಳುತ್ತಾರೆ. ದಿನಾ ಪೇಪರ್ ಓದಿ, ಸುದ್ದಿ ಕೇಳಿ, ಇದು ಹೀಗೇ ಮುಂದುವರಿದರೆ ಏನಾಗುತ್ತೆ ಅಂತ ಲೆಕ್ಕ ಹಾಕಿದ್ದು ಅಷ್ಟೇ. ಕೂಲಿ ಮಾಡಿದವರಿಗೆ ಬೆಲೆ ಏರುವುದು ಬೇಗ ಗೊತ್ತಾಗುತ್ತದೆ.

ಹಾಗಾದರೆ ದುಡ್ಡು, ಹೊತ್ತು ಎರಡೂ ಸಿಕ್ಕ ಮೇಲೆ ಬರವಣಿಗೆ ಸಲೀಸಾಯಿತಾ? ಇಲ್ಲ. ಇಲ್ಲೇ ನನ್ನ ಲೆಕ್ಕವೂ ತಪ್ಪುತ್ತದೆ, ಅದನ್ನು ಮುಚ್ಚಿಡಬಾರದು. 'ಪ್ಯಾರಬಲ್ ಆಫ್ ದ ಸೋವರ್' ಒಂದು ಸರಣಿಯ ಮೊದಲ ಭಾಗ, 1998ರಲ್ಲಿ ಅದರ ಎರಡನೇ ಭಾಗ ಬಂತು. ಮೂರನೆಯದರಲ್ಲಿ ಮನುಷ್ಯರು ಬೇರೆ ಗ್ರಹಕ್ಕೆ ಹೋಗಿ ನೆಲೆಸಬೇಕು. ಆಕೆ ಮತ್ತೆ ಮತ್ತೆ ಶುರು ಮಾಡಿದಳು, ಮತ್ತೆ ಮತ್ತೆ ಕೈಬಿಟ್ಟಳು. ಆ ಕರಡುಗಳು ಪ್ಯಾಸಡೀನಾ ಪಕ್ಕದ ಹಂಟಿಂಗ್ಟನ್ ಲೈಬ್ರರಿಯಲ್ಲಿವೆ. ಹತ್ತಾರು ಆರಂಭಗಳು. ಹೊಸ ಗ್ರಹಕ್ಕೆ ಹೋದವರಿಗೆ ಒಂದರಲ್ಲಿ ಕಣ್ಣು ಹೋಗುತ್ತದೆ, ಇನ್ನೊಂದರಲ್ಲಿ ಬೇರೆ ಏನೋ ಕಾಯಿಲೆ. ಭೂಮಿ ಬಿಟ್ಟು ಯಾಕಾದರೂ ಬಂದೆವೋ ಅಂತ ಕೊರಗುತ್ತಾರೆ. ಆಗ ಆಕೆಗೆ ರಕ್ತದೊತ್ತಡ, ಅದರ ಮಾತ್ರೆಗಳಿಂದ ಸುಸ್ತು. ಕಡೆಗೆ ಅದನ್ನು ಬದಿಗಿಟ್ಟು, ಸುಮ್ನೆ ಖುಷಿಗೆ ಅಂತ 2005ರಲ್ಲಿ ರಕ್ತಪಿಶಾಚಿಯ ಕಾದಂಬರಿಯೊಂದನ್ನು ಬರೆದಳು. ಮರುವರ್ಷ ಫೆಬ್ರವರಿಯಲ್ಲಿ ಮನೆ ಹೊರಗೆ ಬಿದ್ದು ತೀರಿಕೊಂಡಳು. 58 ವರ್ಷ. 2021ರಲ್ಲಿ ನಾಸಾದ ಪರ್ಸಿವರೆನ್ಸ್ ರೋವರ್, ಅಂದರೆ ಓಡಾಡುವ ಶೋಧಯಂತ್ರ, ಮಂಗಳದಲ್ಲಿ ಇಳಿದ ಜಾಗಕ್ಕೆ ಆಕೆಯ ಹೆಸರಿಟ್ಟಿದ್ದಾರೆ.

ಓದಿಲ್ಲದವರು ಎಲ್ಲಿಂದ ಶುರು ಮಾಡಬೇಕು ಅಂತ ಕೇಳುತ್ತೀರಿ, ಗೊತ್ತು. 'ಸ್ಪೀಚ್ ಸೌಂಡ್ಸ್' ಮೊದಲು ಓದಿ. ಒಂದೇ ಕೂತಿಗೆ ಮುಗಿಯುತ್ತದೆ. ಆಮೇಲೆ 'ಕಿಂಡ್ರೆಡ್'. 'ಪ್ಯಾರಬಲ್' ಮೂರನೆಯದಾಗಿರಲಿ, ಮನಸ್ಸು ಗಟ್ಟಿ ಇರುವಾಗ. ಈಗ ನಿಮ್ಮ ಪ್ರಶ್ನೆಗಳು. ಮೈಕ್ ಹಿಂದಿನ ಸಾಲಿಗೆ ಮೊದಲು ಹೋಗಲಿ, ಮುಂದಿನವರು ಹೇಗೂ ಕೂಗಿ ಕೇಳಬಹುದು.