641 ಎಲ್ಲಿ ಅಡಗಿತ್ತು?

ಎಲ್ಲರಿಗೂ ನಮಸ್ಕಾರ. ಹಲಗೆ ಮೇಲೆ ಒಂದೇ ಒಂದು ಸಂಖ್ಯೆ ಬರೆದಿದ್ದೇನೆ: 4,29,49,67,297. ಇದು 2ರ 32ನೇ ಘಾತ, ಜೊತೆಗೆ ಒಂದು. ಆ ಒಂದನ್ನು ತೆಗೆದರೆ ಉಳಿಯುವ ಸಂಖ್ಯೆ ಕಂಪ್ಯೂಟರ್ ಕೆಲಸದವರಿಗೆ ಚೆನ್ನಾಗಿ ಗೊತ್ತು, ಇಂಟರ್‌ನೆಟ್‌ನ ಹಳೇ ವಿಳಾಸ ಪದ್ಧತಿಯಲ್ಲಿ ಇರುವ ಒಟ್ಟು ವಿಳಾಸಗಳೇ ಅಷ್ಟು. ಆದರೆ ನನಗೆ ಇಷ್ಟವಾದದ್ದು ಈ ಕೊನೆಯ ಒಂದು.

1640ರಲ್ಲಿ ಫ್ರಾನ್ಸಿನ ಗಣಿತಜ್ಞ ಫರ್ಮಾ 3, 5, 17, 257, 65537 ಈ ಸಾಲನ್ನು ನೋಡಿದರು. 2ರ ಘಾತ 1, 2, 4, 8, 16, ಪ್ರತಿ ಸಲ ಒಂದು ಕೂಡಿಸಿದ್ದು. ಐದೂ ಅವಿಭಾಜ್ಯ. ಮುಂದಿನವೂ ಹಾಗೇ ಇರುತ್ತವೆ ಅಂತ ನಂಬಿದರು. ಐದು ಸಲ ಸರಿ ಬಂದರೆ ಯಾರಿಗಾದರೂ ಹಾಗೇ ಅನಿಸುತ್ತೆ ಅಲ್ವಾ? ಆರನೆಯದೇ ನಮ್ಮ ಸಂಖ್ಯೆ.

1729ರಲ್ಲಿ ಗಣಿತಜ್ಞ ಗೋಲ್ಡ್‌ಬಾಕ್ ಪತ್ರ ಬರೆದು ಈ ಮಾತನ್ನು ಇನ್ನೊಬ್ಬ ಗಣಿತಜ್ಞ ಆಯ್ಲರ್ ಗಮನಕ್ಕೆ ತಂದರು. 1732ರಲ್ಲಿ ಆಯ್ಲರ್, ಇದು 641ರಿಂದ ಭಾಗವಾಗುತ್ತದೆ ಅಂದರು. ಸುಮ್ನೆ ಒಂದೊಂದಾಗಿ ಭಾಗಿಸುತ್ತಾ ಹೋದರೆ ಇದರ ವರ್ಗಮೂಲದ ತನಕ, ಅಂದರೆ 65,536ರ ತನಕ ಇರುವ 6,542 ಅವಿಭಾಜ್ಯಗಳನ್ನು ಪರೀಕ್ಷಿಸಬೇಕಾದೀತು. ಅಷ್ಟು ಬೇಕಿಲ್ಲ. ಈ ಸಂಖ್ಯೆಯ ಯಾವುದೇ ಅವಿಭಾಜ್ಯ ಅಪವರ್ತನವನ್ನು 64ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು, ಅದನ್ನು ಆಯ್ಲರ್ ಮುಂದೆ ಸಾಧಿಸಿ ತೋರಿಸಿದರು. ಅಂಥ ಅವಿಭಾಜ್ಯಗಳು ಯಾವುವು? 193, 257, 449, 577, 641. ಐದನೆಯದಕ್ಕೇ ಸಿಕ್ಕಿಬಿಡುತ್ತದೆ! ಇದಕ್ಕೆ ಬೇಕಾದ ಪ್ರಮೇಯ ಫರ್ಮಾ ಅವರದೇ, ಅದೂ ಅದೇ 1640ರದ್ದು. ಅವರ ಕೈಗೆ ಇದು ಯಾಕೆ ಸಿಗಲಿಲ್ಲ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಈಗ ನನಗೆ ತುಂಬಾ ಪ್ರಿಯವಾದ ಭಾಗ. ಆ ದೊಡ್ಡ ಸಂಖ್ಯೆಯನ್ನು ಮುಟ್ಟದೆಯೇ 641 ಅದನ್ನು ಭಾಗಿಸುತ್ತದೆ ಅಂತ ತೋರಿಸಬಹುದು. 640 ಅಂದರೆ 5 × 128, ಅಂದರೆ 5 × 2⁷. ಅದು 641ಕ್ಕೆ ಒಂದು ಕಮ್ಮಿ, ಹಾಗಾಗಿ 641ರಿಂದ ಭಾಗಿಸಿದಾಗ ಬರುವ ಶೇಷದ ಲೆಕ್ಕದಲ್ಲಿ ಅದನ್ನು −1 ಅಂತ ಇಟ್ಟುಕೊಳ್ಳಿ. ಅದರ ನಾಲ್ಕನೇ ಘಾತ +1 ಆಗುತ್ತದೆ, ಅಂದರೆ 5⁴ × 2²⁸ ಅನ್ನು 641ರಿಂದ ಭಾಗಿಸಿದರೆ ಶೇಷ 1. ಇನ್ನು 5⁴ ಎಷ್ಟು? 625. ಅದು 641ಕ್ಕೆ 16 ಕಮ್ಮಿ, ಅಂದರೆ −2⁴. 5⁴ ಇದ್ದ ಜಾಗದಲ್ಲಿ −2⁴ ಹಾಕಿ. −2³² ಶೇಷ 1 ಕೊಡುತ್ತದೆ ಅಂತಾಯಿತು. ಹಾಗಾದರೆ 2³²ಕ್ಕೆ ಒಂದು ಕೂಡಿಸಿದರೆ ಶೇಷ ಸೊನ್ನೆ. ಮುಗಿಯಿತು! ಇದನ್ನು ಮೊದಲ ಸಲ ಬರೆದು ನೋಡಿದ ದಿನದ ಖುಷಿ ನನಗೆ ಇನ್ನೂ ಇದೆ.

ಐದನೆಯದಾದ 65537ರ ನಂತರ, ಫರ್ಮಾ ಅವರ ಈ ಸಾಲಿನಲ್ಲಿ ಇನ್ನೊಂದು ಅವಿಭಾಜ್ಯ ಇವತ್ತಿನವರೆಗೂ ಸಿಕ್ಕಿಲ್ಲ.

ನಮ್ಮ ಸಂಖ್ಯೆಯನ್ನು 641ರಿಂದ ಭಾಗಿಸಿದರೆ ಭಾಗಲಬ್ಧ 67,00,417. ಇದು ಇನ್ನೂ ಒಡೆಯುತ್ತದಾ? ಒಡೆಯುವುದಾದರೆ 64ರ ಶೇಷದ ನಿಯಮ ಇದಕ್ಕೂ ಅನ್ವಯಿಸುತ್ತದೆ, ಇದರ ವರ್ಗಮೂಲವೋ 2,589ಕ್ಕಿಂತ ಕಮ್ಮಿ. ಹಾಗಾಗಿ ನೋಡಬೇಕಾದವು ಏಳೇ ಏಳು: 641, 769, 1153, 1217, 1409, 1601, 2113. ಎಲ್ಲರೂ ಒಂದು ಹಾಳೆ ತೆಗೆಯಿರಿ, 641ರಿಂದಲೇ ಶುರು ಮಾಡೋಣ.