64 ಜನರ ಕೌಂಟಿ ಅಂತ ನಗೋರಿಗೆ ಒಂದ್ಮಾತು

ಅಮೆರಿಕದ ಟೆಕ್ಸಾಸ್ ರಾಜ್ಯದ ಲವಿಂಗ್ ಕೌಂಟಿ (ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಥರ) ಬಗ್ಗೆ ವಿಡಿಯೋ ಮಾಡೋರೆಲ್ಲ ಒಂದೇ ಥರ ಮಾಡ್ತಾರೆ ನೋಡಿ, ಡ್ರೋನ್ ಹಾರ್ಸೋದು, ಖಾಲಿ ಬಯಲು ತೋರ್ಸೋದು, "ಗುರು ಇಲ್ಲಿ ಜನಾನೇ ಇಲ್ಲ" ಅಂತ ನಗೋದು, ಮುಗೀತು. ಒಪ್ಕೋತೀನಿ, 2020ರ ಸೆನ್ಸಸ್ ಪ್ರಕಾರ ಅಲ್ಲಿರೋದು 64 ಜನ, ಒಂದೇ ಪಂಕ್ತೀಲಿ ಕೂರ್ಸಿ ಊಟ ಹಾಕ್ಬಿಡಬಹುದು. ಆದ್ರೆ ಜಾಗ ಸುಮಾರು 1,750 ಚದರ ಕಿಲೋಮೀಟರ್ ಇದೆ, ಕೆಳಗಡೆ ಪೆಟ್ರೋಲಿಯಂ ತುಂಬ್ಕೊಂಡಿದೆ. ಇಷ್ಟು ದುಡ್ಡಿರೋ ಜಾಗದಲ್ಲಿ ಯಾಕೆ ಯಾರೂ ನೆಲೆ ನಿಲ್ಲಲಿಲ್ಲ? ಅದನ್ನ ಯಾರೂ ಕೇಳಲ್ಲ.

ಪಶ್ಚಿಮ ಟೆಕ್ಸಾಸ್, ಮೇಲುಗಡೆ ನ್ಯೂ ಮೆಕ್ಸಿಕೋ ಗಡಿ, ಪಶ್ಚಿಮಕ್ಕೆ ಪೇಕೋಸ್ ನದಿ. ನದಿ ಇದ್ಯಲ್ಲ ಅಂತೀರಾ, ಆ ನೀರು ಉಪ್ಪು ಸ್ವಾಮಿ. ಮಳೆ ತೀರಾ ಕಮ್ಮಿ, ಬೆಳೆಯೋದು ಮೆಸ್ಕೀಟ್ ಪೊದೆ, ನಮ್ಮ ಬಳ್ಳಾರಿ ಜಾಲಿಗೆ ಹತ್ತಿರದ ನೆಂಟ ಅದು. ಮೆಂಟೋನ್ ಅಂತ ಇರೋ ಒಂದೇ ಊರಿಗೆ ದಶಕಗಳ ಕಾಲ ಕುಡಿಯೋ ನೀರು ಟ್ರಕ್ಕಲ್ಲಿ ಬರ್ತಿತ್ತು.

ಹಿಸ್ಟರಿ ಇನ್ನೂ ಮಜಾ ಇದೆ. 1887ರಲ್ಲಿ ಕೌಂಟಿ ಅಂತ ಗಡಿ ಹಾಕಿದ್ರು, ದನದ ಹಿಂಡುಗಳನ್ನ ದೂರದ ಮಾರ್ಕೆಟ್ಟಿಗೆ ನಡೆಸ್ಕೊಂಡು ಹೋಗ್ತಿದ್ದ ವ್ಯಾಪಾರಿ ಆಲಿವರ್ ಲವಿಂಗ್ ಹೆಸರಿಟ್ರು, 1890ರ ಸೆನ್ಸಸ್ಸಲ್ಲಿ ಸಿಕ್ಕಿದ್ದು ಬರೀ 3 ಜನ! ಆದ್ರೂ 1893ರಲ್ಲಿ ಕಾಲುವೆ ತೋಡ್ತೀವಿ, ಜಮೀನು ಹಸಿರು ಮಾಡ್ತೀವಿ ಅಂತ ಬಂದ ಹೊರಗಿನ ಕಂಪನಿಯವ್ರು ಜನರ ಸಹಿ ತೋರ್ಸಿ, ಎಲೆಕ್ಷನ್ ಆಯ್ತು ಅಂತ ಹೇಳಿ, ಇಡೀ ಕೌಂಟಿ ಆಡಳಿತಾನೇ ಶುರು ಮಾಡ್ಬಿಟ್ರು. ಕಾಲುವೆ ಕೈಗೂಡಲಿಲ್ಲ, ಬೋಗಸ್ ಬಯಲಾಯ್ತು, 1897ರಲ್ಲಿ ಸರ್ಕಾರ ಕೌಂಟಿನೇ ರದ್ದು ಮಾಡಿ ಪಕ್ಕದ ರೀವ್ಸ್ ಕೌಂಟಿಗೆ ಸೇರಿಸ್ತು. ರದ್ದಾದ ಮೇಲೆ ಮತ್ತೆ ಶುರುವಾಗಿದ್ದು ಎಣ್ಣೆ ಸಿಕ್ಕಿದ ಮೇಲೆ, 1931ರಲ್ಲಿ. ಅಂದ್ರೆ ಮೊದಲನೇ ಸಲ ನೀರಿನ ಆಸೆ, ಎರಡನೇ ಸಲ ಎಣ್ಣೆ ಆಸೆ, ಎರಡು ಸಲಾನೂ ಇಲ್ಲೇ ಬದುಕಬೇಕು ಅಂತ ಬಂದೋರು ತುಂಬಾ ಕಮ್ಮಿ.

1933ರ ಹೊತ್ತಿಗೆ 600ರ ಹತ್ರ ಜನ ಇದ್ರಂತೆ, 1940ಕ್ಕೆ 285, 2000ಕ್ಕೆ 67. ನಡುವೆ ಒಂದು ಒಳ್ಳೇ ವಿಷಯ: 1945ರಲ್ಲಿ ಎಡ್ನಾ ರೀಡ್ ಕ್ಲೇಟನ್ ಡ್ಯೂಯಿಸ್ ಅನ್ನೋ ಹೆಂಗಸು ಇಲ್ಲಿ ಶೆರಿಫ್, ಅಂದ್ರೆ ಕೌಂಟಿ ಪೊಲೀಸ್ ಮುಖ್ಯಸ್ಥೆ ಆದ್ರು, ಗನ್ ಇಟ್ಕೊಳ್ಳದೇನೇ ಕೆಲಸ ಮಾಡಿದ್ರು. 1972ರಲ್ಲಿ ಸ್ಕೂಲೂ ಮುಚ್ಚಿತು, ಮಕ್ಕಳು ಪಕ್ಕದ ವಿಂಕ್ ಊರಿಗೆ ಹೋಗ್ಬೇಕು. ಸ್ಕೂಲಿಲ್ಲ, ಆಸ್ಪತ್ರೆ ಇಲ್ಲ, ಸಂಸಾರ ಕಟ್ಕೊಂಡು ಯಾರ್ ಬರ್ತಾರೆ ಹೇಳಿ?

ಈಗ ಬರೋಣ ನನ್ನ ತಕರಾರಿಗೆ. ಫ್ರ್ಯಾಕಿಂಗ್ (ನೆಲದಡಿ ಬಂಡೆ ಒಡೆದು ಎಣ್ಣೆ ತೆಗೆಯೋ ವಿಧಾನ) ಬಂದ ಮೇಲೆ 302ನೇ ಹೈವೇ ತುಂಬಾ ಲಾರಿ, ಪಕ್ಕದಲ್ಲೆಲ್ಲ ಕೆಲಸಗಾರರ ಕ್ಯಾಂಪು. ಎಣ್ಣೆ ಬಾವಿಗಳ ಮೇಲಿನ ಟ್ಯಾಕ್ಸಲ್ಲಿ ಕೌಂಟಿ ಖಜಾನೆ ತುಂಬುತ್ತೆ. ಆದ್ರೆ ಕೆಲವು ವಾರ ಕೆಲಸ, ಕೆಲವು ದಿನ ರಜ ಅಂತ ಅಲ್ಲೇ ಮಲಗೋ ಆ ಹುಡುಗ್ರನ್ನ ಸೆನ್ಸಸ್ ಅವರವರ ಊರಿನ ಲೆಕ್ಕಕ್ಕೆ ಹಾಕುತ್ತೆ, 64ರಲ್ಲಿ ಅವ್ರಿಲ್ಲ. ಇತ್ತ ವೋಟರ್ ಲಿಸ್ಟ್ ನೋಡಿದ್ರೆ ಅಲ್ಲಿರೋ ಹೆಸರು ಜನಸಂಖ್ಯೆಗಿಂತ ಜಾಸ್ತಿ! ಟೆಕ್ಸಾಸ್ ಕಾನೂನಲ್ಲಿ ತಾತ್ಕಾಲಿಕವಾಗಿ ಬೇರೆ ಕಡೆ ಹೋಗಿದ್ರೂ, ವಾಪಸ್ ಬರೋ ಉದ್ದೇಶ ಇರೋ ಕಾಯಂ ಜಾಗಾನೇ ನಿಮ್ಮ ಮನೆ ಅಂತ ಲೆಕ್ಕ. ಹಂಗಾಗಿ ಹಳೇ ರಾಂಚ್ (ದನ ಸಾಕೋ ದೊಡ್ಡ ಜಮೀನು) ಮನೆತನದೋರು ಬೇರೆ ಊರಲ್ಲಿದ್ದುಕೊಂಡೂ ಇಲ್ಲಿ ವೋಟ್ ಹಾಕ್ತಾರೆ ಅನ್ನೋ ಜಗಳ ವರ್ಷಗಳಿಂದ ನಡೀತಾನೇ ಇದೆ. ಧೂಳು ಕುಡಿಯೋನಿಗೆ ಇಲ್ಲಿ ಲೆಕ್ಕಾನೂ ಇಲ್ಲ ವೋಟೂ ಇಲ್ಲ, ದೂರದಲ್ಲಿ ಕೂತೋನಿಗೆ ಎಲ್ಲಾ ಇದೆ. ಅದಕ್ಕೇ ಆ ಜಾಗ ಖಾಲಿ ಅಂತ ನಾನಂತೂ ಹೇಳಲ್ಲ.