ಕಪ್ಪು ಟೇಪಿನ ಕೆಳಗಿನ ವೈರ್: ಕಾರಿನ ಮಾರ್ಪಾಡು ಮತ್ತು ವಿಮೆ

ಈಗ ನೀವು ನೋಡುತ್ತಿರುವುದು ನಮ್ಮ ಭಾವನವರ ಹಳೆಯ ಕಾರಿನ ಬಾನೆಟ್ಟಿನ ಒಳಭಾಗ. ಕಂಪನಿಯವರು ಹಾಕಿದ್ದ ವೈರಿನ ಸಿಪ್ಪೆ ಸುಲಿದು, ಅದಕ್ಕೊಂದು ತೆಳುವಾದ ವೈರನ್ನು ಸುತ್ತಿ, ಮೇಲೆ ಕಪ್ಪು ಟೇಪ್ ಸುತ್ತಿದ್ದರು. ಆ ಟೇಪು ಕರಗಿ, ಹೆಡ್‌ಲೈಟಿನ ಹಿಂಬದಿಯ ಕಪ್ಲರಿಗೆ, ಅಂದರೆ ವೈರುಗಳನ್ನು ಕೂಡಿಸುವ ಪ್ಲಗ್ಗಿಗೆ, ಅಂಟಿಕೊಂಡಿದೆ.

ದೇವರಾಯನದುರ್ಗದ ತಿರುವುಗಳಲ್ಲಿ ಮಂಜು ಕವಿದಾಗ ದಾರಿ ಚೆನ್ನಾಗಿ ಕಾಣಲೆಂದು ಭಾವನವರು 60 ವ್ಯಾಟಿನ ಬಲ್ಬುಗಳನ್ನು ತೆಗೆಸಿ, ತುಮಕೂರಿನ ಅಂಗಡಿಯೊಂದರಲ್ಲಿ 100 ವ್ಯಾಟಿನವನ್ನು ಹಾಕಿಸಿದ್ದರು. 12 ವೋಲ್ಟಿನ ಬ್ಯಾಟರಿಯಿಂದ 60 ವ್ಯಾಟಿನ ಬಲ್ಬು 5 ಆಂಪಿಯರ್ ಎಳೆದರೆ 100 ವ್ಯಾಟಿನದು 8ಕ್ಕೂ ಹೆಚ್ಚು ಎಳೆಯುತ್ತದೆ; ವೈರಿನಲ್ಲಿ ಹುಟ್ಟುವ ಶಾಖವಂತೂ ಎರಡೂವರೆ ಪಟ್ಟಿಗಿಂತ ಜಾಸ್ತಿಯಾಗುತ್ತದೆ. ಬೇರೆ ರಿಲೇ (ಹೆಚ್ಚು ಕರೆಂಟನ್ನು ಹಾಯಿಸುವ ಸ್ವಿಚ್ಚು) ಮತ್ತು ದಪ್ಪ ವೈರ್ ಹಾಕದೆ ಆ ತೆಳುವಾದ ವೈರಿನಲ್ಲೇ ದೊಡ್ಡ ಬಲ್ಬುಗಳನ್ನು ಉರಿಸಿದ್ದರಿಂದ ಒಂದು ರಾತ್ರಿ ಕ್ಯಾತ್ಸಂದ್ರದ ಬಳಿ ಹೊಗೆ ಎದ್ದು ಕಾರಿನ ಮುಂಭಾಗ ಸುಟ್ಟುಹೋಯಿತು. ಯಾರಿಗೂ ಗಾಯವಾಗಲಿಲ್ಲ, ಅದೇ ದೊಡ್ಡ ಸಮಾಧಾನ.

ಹಾನಿ ಪರಿಶೀಲಿಸಲು ವಿಮಾ ಕಂಪನಿ ಕಳುಹಿಸಿದ ಸರ್ವೇಯರ್ ಮೊದಲು ಚಿತ್ರ ತೆಗೆದದ್ದು ಆ ಜೋಡಣೆಯನ್ನೇ. ಮಾರ್ಪಾಡನ್ನು ತಮಗೆ ತಿಳಿಸಿಲ್ಲ, ಬೆಂಕಿ ಅಲ್ಲಿಂದಲೇ ಹುಟ್ಟಿದೆ ಎಂಬ ಎರಡು ಕಾರಣ ಕೊಟ್ಟು ಕಂಪನಿಯವರು ಕ್ಲೇಮನ್ನು ತಿರಸ್ಕರಿಸಿದರು. ಬಲ್ಬು ಹಾಕಿದವರಾಗಲಿ ಪಾಲಿಸಿ ಮಾಡಿಕೊಟ್ಟ ಏಜೆಂಟರಾಗಲಿ ಮೊದಲೇ ಒಂದು ಮಾತು ಹೇಳಿದ್ದರೆ ಎಂದು ನನಗೆ ಇಂದಿಗೂ ಸಂಕಟವಾಗುತ್ತದೆ.

ಇಂಥ ಸಂದರ್ಭದಲ್ಲಿ ಹೊಡೆತ ಬೀಳುವುದು ಮುಖ್ಯವಾಗಿ ನಮ್ಮದೇ ಗಾಡಿಯ ಹಾನಿ ತುಂಬಿಕೊಡುವ ಓಡಿ (ಓನ್ ಡ್ಯಾಮೇಜ್) ಭಾಗಕ್ಕೆ. ಕಡ್ಡಾಯವಾದ ಥರ್ಡ್ ಪಾರ್ಟಿ ಭಾಗವು ಅಪಘಾತಕ್ಕೆ ಸಿಕ್ಕಿದ ಬೇರೆಯವರ ರಕ್ಷಣೆಗೆ ಇರುವುದರಿಂದ ಅದರ ನಿಯಮಗಳು ಬೇರೆ. ತಿಳಿಸದೆ ಹಾಕಿಸಿದ ಅಲಾಯ್ ಚಕ್ರ ಕಳುವಾದರೆ ಅದರ ಬೆಲೆ ಸಿಗುವುದು ಕಷ್ಟ; ಆದರೆ ಆ ಚಕ್ರಕ್ಕೆ ಸಂಬಂಧವೇ ಇಲ್ಲದ ಬಾಗಿಲಿನ ಜಖಂಗೂ ಹಣ ನಿರಾಕರಿಸಿದರೆ, ಮೊದಲು ಕಂಪನಿಗೆ ಲಿಖಿತ ದೂರು ಕೊಟ್ಟು, ಪರಿಹಾರ ಸಿಗದಿದ್ದಲ್ಲಿ ವಿಮಾ ದೂರುಗಳನ್ನು ವಿಚಾರಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಅಲ್ಲಿ ಶುಲ್ಕವಿಲ್ಲ.

ತಿಳಿಸುವುದಕ್ಕೆ ತಗಲುವ ಖರ್ಚಾದರೂ ಎಷ್ಟು? ಹಳೆಯ ಮೋಟಾರು ವಿಮಾ ದರಪಟ್ಟಿಯಲ್ಲಿ ಹೊರಗಿನಿಂದ ಹಾಕಿಸಿದ ವಿದ್ಯುತ್ ಸಲಕರಣೆಗೂ ಸಿಎನ್‌ಜಿ ಕಿಟ್ಟಿಗೂ ಅದರ ಬೆಲೆಯ ಶೇಕಡಾ 4ರಷ್ಟು ಹೆಚ್ಚುವರಿ ಪ್ರೀಮಿಯಂ ಇತ್ತು. ಆ ಲೆಕ್ಕದಲ್ಲಿ 40,000 ರೂಪಾಯಿಯ ಸ್ಟೀರಿಯೋಗೆ ವರ್ಷಕ್ಕೆ 1,600 ರೂಪಾಯಿ. ಸಿಎನ್‌ಜಿಯಾದರೆ ಅನುಮೋದಿತ ಕಿಟ್ಟನ್ನೇ ಹಾಕಿಸಿ, ಆರ್‌ಟಿಓ ಕಚೇರಿಯಲ್ಲಿ ಆರ್‌ಸಿಗೆ ಸೇರಿಸಿಕೊಂಡು, ಆಮೇಲೆ ಪಾಲಿಸಿಗೂ ಸೇರಿಸಬೇಕು.

ತಿಳಿಸಿದ ಮಾತ್ರಕ್ಕೆ ಎಲ್ಲವೂ ಕಾನೂನುಬದ್ಧವಾಗುವುದಿಲ್ಲ. ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಸುಪ್ರೀಂ ಕೋರ್ಟ್ 2019ರಲ್ಲಿ ಅದನ್ನೇ ಎತ್ತಿಹಿಡಿಯಿತು, ಅದೇ ವರ್ಷದ ತಿದ್ದುಪಡಿಯು ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡವನ್ನೋ ಆರು ತಿಂಗಳವರೆಗಿನ ಜೈಲನ್ನೋ ವಿಧಿಸಲು ಅವಕಾಶ ಕೊಟ್ಟಿದೆ.

ಭಾವನವರು ಈಗ ಕೊಂಡಿರುವ ಕಾರಿಗೆ ಸ್ಟೀರಿಯೋ ಒಂದನ್ನೇ, ವೈರ್ ಕತ್ತರಿಸದೆ ಕಪ್ಲರ್ ಮೂಲಕ ಹಾಕಿಸಿದ್ದಾರೆ. ಅದರ ಬಿಲ್ಲನ್ನು ಕಂಪನಿಗೆ ಕಳುಹಿಸಿ ಪಡೆದ, ಸ್ಟೀರಿಯೋವನ್ನು ಪಾಲಿಸಿಗೆ ಸೇರಿಸಿದ ಎಂಡಾರ್ಸ್‌ಮೆಂಟ್ ಹಾಳೆ, ಇಗೋ ನೋಡಿ, ಡ್ಯಾಶ್‌ಬೋರ್ಡಿನಲ್ಲಿ ಆರ್‌ಸಿಯ ಜೊತೆಗೇ ಇದೆ.